ಮೊದಲು ತ್ರಿಜ್ಯ ಎಳೀರಿ

(ಶಿವಮೊಗ್ಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಹತ್ತನೇ ತರಗತಿಯ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಬೋರ್ಡಿನ ಮೇಲೆ ಬರೆದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಪಕ್ಕದಲ್ಲಿ ಒಂದು ಹಾಳೆ, ಕೈವಾರ ಇಟ್ಟುಕೊಂಡು ಓದಿದರೆ ಅನುಕೂಲ.)

ಎಲ್ಲರಿಗೂ ನಮಸ್ಕಾರ.

ಬಸ್ ಸ್ಟ್ಯಾಂಡಿನಿಂದ ಇಲ್ಲಿಗೆ ಆಟೋದಲ್ಲಿ ಬಂದೆ. ನಮ್ಮ ಶಿವಮೊಗ್ಗದಲ್ಲಿ ಸರ್ಕಲ್ಲಿಗೇನೂ ಬರವಿಲ್ಲ. ಗೋಪಿ ಸರ್ಕಲ್, ಅಶೋಕ ಸರ್ಕಲ್, ಅಮೀರ್ ಅಹ್ಮದ್ ಸರ್ಕಲ್, ಶಿವಪ್ಪ ನಾಯಕ ಸರ್ಕಲ್. ಬೋರ್ಡಿನಲ್ಲಿ ‘ವೃತ್ತ’ ಅಂತ ಬರೆದಿರುತ್ತಾರೆ. ನಿಂತು ನೋಡಿದರೆ ರಸ್ತೆಗಳು ಬಂದು ಸೇರುವ ಜಾಗ, ಅಷ್ಟೇ. ಎಷ್ಟೋ ಕಡೆ ದುಂಡಗಿರುವುದು ಏನೂ ಇರುವುದಿಲ್ಲ. ಗಣಿತದ ಮೇಷ್ಟ್ರಾದ ನನಗೆ ಇದು ಹಳೆಯ ತಕರಾರು. ವೃತ್ತ ಅನ್ನಬೇಕಾದರೆ ನಡುವೆ ಒಂದು ಬಿಂದು ಬೇಕು, ಸುತ್ತ ಎಲ್ಲ ಕಡೆಗೂ ಅಲ್ಲಿಂದ ಒಂದೇ ದೂರ ಬೇಕು. ಇಷ್ಟಿದ್ದರೆ ವೃತ್ತ. ಇಲ್ಲದಿದ್ದರೆ ಬರೀ ಸರ್ಕಲ್.

ನಮ್ಮ ಅಜ್ಜ ಸುಗ್ಗಿಗೆ ಮೊದಲು ಗದ್ದೆಯ ಬದಿಯಲ್ಲಿ ಕಣ ಮಾಡುತ್ತಿದ್ದರು. ನಡುವೆ ಒಂದು ಗೂಟ. ಗೂಟ ಅಲ್ಲಾಡದ ಹಾಗೆ ಹಿಡಿದುಕೊಳ್ಳುವುದು ನನ್ನ ಕೆಲಸ. ಹಗ್ಗದ ಒಂದು ತುದಿ ಗೂಟಕ್ಕೆ, ಇನ್ನೊಂದು ತುದಿಗೆ ಮೊನಚು ಕೋಲು. ಅಜ್ಜ ಕೋಲು ಊರಿ ನೆಲ ಗೀರುತ್ತಾ ಸುತ್ತು ಬರುತ್ತಿದ್ದರು. ‘ಹಗ್ಗ ಸಡಿಲ ಬಿಡಬಾರ್ದು ಮಾರಾಯ’ ಅಂತ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಗೀರಿದ ಗೆರೆ ಹೊರಟಲ್ಲಿಗೇ ಬಂದು ಸೇರಿದರೆ ಮುಖದಲ್ಲಿ ಒಂದು ನಗು. ಆಮೇಲೆ ಅದೇ ಗೂಟದ ಜಾಗದಲ್ಲಿ ಮೇಟಿ ಕಂಬ ನೆಡುತ್ತಿದ್ದರು.

ಆ ಗೂಟ ನಿಮ್ಮ ಪುಸ್ತಕದ ಕೇಂದ್ರ. ಹಗ್ಗ ತ್ರಿಜ್ಯ. ನಿಮ್ಮ ಪುಸ್ತಕದಲ್ಲಿ ವೃತ್ತದ ಮೇಲೆ ಎಷ್ಟು ಪ್ರಮೇಯ ಇದ್ದಾವೋ ಅಷ್ಟರಲ್ಲೂ ‘ಹಗ್ಗದ ಉದ್ದ ಒಂದೇ’ ಅನ್ನುವ ಮಾತೇ ವೇಷ ಹಾಕಿಕೊಂಡು ಬರುತ್ತದೆ. ಅದಕ್ಕೇ ಲೆಕ್ಕ ತೋಚದಿದ್ದಾಗ ನಾನು ಹೇಳುವುದು ಒಂದೇ. ಸುಮ್ನೆ ಚಿತ್ರ ನೋಡುತ್ತಾ ಕೂರಬೇಡಿ. ವೃತ್ತದ ಮೇಲೆ ಹೆಸರಿರುವ ಪ್ರತಿ ಬಿಂದುವಿಗೂ ಕೇಂದ್ರದಿಂದ ತ್ರಿಜ್ಯ ಎಳೀರಿ. ಎರಡು ತ್ರಿಜ್ಯ ಎಳೆದ ಕೂಡಲೇ ಒಂದು ಸಮದ್ವಿಬಾಹು ತ್ರಿಭುಜ ಹುಟ್ಟುತ್ತದೆ. ಅದರ ಪಾದದ ಎರಡು ಕೋನ ಸಮ. ಅಲ್ಲಿಗೆ ಗಂಟು ಅರ್ಧ ಬಿಚ್ಚಿತು.

ಇದು ನನಗೆ ಮೊದಲೇ ಗೊತ್ತಿತ್ತು ಅಂದುಕೊಳ್ಳಬೇಡಿ. ಒಬ್ಬಳು ಹುಡುಗಿ ಕಲಿಸಿದ್ದು.

ಕೆಲಸಕ್ಕೆ ಸೇರಿ ಏಳು ವರ್ಷವಾಗಿತ್ತು. ‘ಒಂದು ಕಂಸ ಕೇಂದ್ರದಲ್ಲಿ ಉಂಟುಮಾಡುವ ಕೋನ, ಅದೇ ಕಂಸ ವೃತ್ತದ ಉಳಿದ ಭಾಗದ ಮೇಲೆ ಉಂಟುಮಾಡುವ ಕೋನದ ಎರಡರಷ್ಟು’ ಎಂಬ ಪಾಠ. (ಕಂಸ ಅಂದರೆ ವೃತ್ತದ ಗೆರೆಯ ಒಂದು ತುಂಡು. ಆ ಹೆಸರು ಅಂದ ತಕ್ಷಣ ಹಿಂದಿನ ಬೆಂಚಿನಲ್ಲಿ ಕೃಷ್ಣನ ಸೋದರಮಾವ ಎದ್ದು ಬರುತ್ತಾನೆ. ಪ್ರತಿ ವರ್ಷ ಬರುತ್ತಾನೆ. ನಕ್ಕು ಮುಂದೆ ಹೋಗೋಣ.) ನಾನು ಬರೆಯುತ್ತಿದ್ದ ಚಿತ್ರ ಯಾವಾಗಲೂ ಒಂದೇ. ಕೆಳಗೆ ಎಡಕ್ಕೆ ಎ, ಬಲಕ್ಕೆ ಬಿ. ತಲೆಯ ಮೇಲೆ ನೆಟ್ಟಗೆ ಪಿ. ನಡುವೆ ಕೇಂದ್ರ ಓ. ಪಿಯಿಂದ ಓ ಮೂಲಕ ಕೆಳಗೆ ಕ್ಯೂವರೆಗೆ ಒಂದು ಗೆರೆ. ಓಎ ಮತ್ತು ಓಪಿ ಎರಡೂ ತ್ರಿಜ್ಯ, ಹಾಗಾಗಿ ಎ ಮತ್ತು ಪಿ ಹತ್ತಿರದ ಕೋನಗಳು ಸಮ. ಒಂದೊಂದು 30 ಡಿಗ್ರಿ ಅನ್ನಿ. ತ್ರಿಭುಜದ ಬಾಹ್ಯಕೋನ ಎಒಕ್ಯೂ ಅವೆರಡರ ಮೊತ್ತ, 60. ಬಲಗಡೆಯೂ ಹೀಗೇ: ಪಿ ಹತ್ತಿರ 35 ಇದ್ದರೆ ಕೇಂದ್ರದಲ್ಲಿ 70. ಪಿಯಲ್ಲಿ ಒಟ್ಟು 65, ಓದಲ್ಲಿ ಒಟ್ಟು 130. ಸಾಧನೆ ಮುಗಿಯಿತು, ಡಸ್ಟರ್ ತೆಗೆದುಕೊಂಡೆ.

ಆಗ ಎರಡನೇ ಸಾಲಿನ ಹುಡುಗಿ ಎದ್ದು ನಿಂತಳು. ‘ಸರ್, ಪಿ ಮೇಲೆ ಇರದೆ ಇಲ್ಲಿ ಪಕ್ಕಕ್ಕೆ ಬಂದ್ರೆ?’ ಬೋರ್ಡಿನ ಹತ್ತಿರ ಬಂದು ಬಿಂದುವನ್ನು ಬಿ ಕಡೆಗೆ ಜಾರಿಸಿ ತೋರಿಸಿದಳು. ಪಿಯಿಂದ ಓ ಮೂಲಕ ಎಳೆದ ಗೆರೆ ಈಗ ಎ ಮತ್ತು ಬಿ ನಡುವೆ ಇಳಿಯುತ್ತಲೇ ಇಲ್ಲ. ಎಯನ್ನೂ ದಾಟಿ ಆಚೆ ಬೀಳುತ್ತಿದೆ. ನಾನು ಕೂಡಿಸಿದ ಎರಡು ಕೋನಗಳು ಅಕ್ಕಪಕ್ಕದಲ್ಲಿಲ್ಲ, ಒಂದರ ಮೇಲೊಂದು ಕೂತಿವೆ. ‘ಅದೆಲ್ಲ ಪರೀಕ್ಷೆಗೆ ಬರಲ್ಲ, ಕೂತ್ಕೊ’ ಅಂದುಬಿಟ್ಟೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ರಾತ್ರಿ ಕೂತು ಬರೆದೆ. ಅರ್ಧ ಗಂಟೆಯ ಕೆಲಸವೂ ಅಲ್ಲ. ಕೂಡಿಸುವ ಬದಲು ಕಳೆಯಬೇಕು, ಅಷ್ಟೇ. ಪಿ ಹತ್ತಿರ ದೊಡ್ಡ ಕೋನ 75, ಅದರೊಳಗಿನ ಚಿಕ್ಕದು 10. ಕಳೆದರೆ 65. ಕೇಂದ್ರದಲ್ಲಿ 150ರಿಂದ 20 ಕಳೆದರೆ 130. ಮತ್ತೆ ಅದೇ ಎರಡರಷ್ಟು! ಅದೇ ತ್ರಿಜ್ಯಗಳು, ಅದೇ ಸಮದ್ವಿಬಾಹು ತ್ರಿಭುಜಗಳು. ಮಾರನೇ ದಿನ ಆ ಹುಡುಗಿಯ ಕೈಗೇ ಚಾಕ್‌ಪೀಸ್ ಕೊಟ್ಟೆ.

ಆಮೇಲೆ ನನ್ನ ಆಸೆ ಜಾಸ್ತಿಯಾಯಿತು. ಪಿಯನ್ನು ಇನ್ನೂ ಜಾರಿಸಿದರೆ? ಬಿಯನ್ನು ದಾಟಿಸಿ ಕೆಳಗಿನ ಚಿಕ್ಕ ಕಂಸಕ್ಕೇ ಇಳಿಸಿದರೆ? ಆಗ ಅದು ನೋಡುತ್ತಿರುವುದು ಮೇಲಿನ ದೊಡ್ಡ ಕಂಸವನ್ನು. ಆ ಕಂಸಕ್ಕೆ ಕೇಂದ್ರದಲ್ಲಿ 360ರಲ್ಲಿ 130 ಕಳೆದು 230. ಅದರ ಅರ್ಧ 115. ಮೇಲಿದ್ದಾಗ 65, ಕೆಳಗಿಳಿದಾಗ 115. ಕೂಡಿಸಿ ನೋಡಿ, 180. ಚಕ್ರೀಯ ಚತುರ್ಭುಜದ (ನಾಲ್ಕೂ ಮೂಲೆ ವೃತ್ತದ ಮೇಲಿರುವಂಥದ್ದು) ಎದುರು ಕೋನಗಳ ಮೊತ್ತ 180 ಎಂದು ನೀವು ಬಾಯಿಪಾಠ ಮಾಡುತ್ತೀರಲ್ಲ, ಅದು ಬೇರೆ ಪ್ರಮೇಯವೇ ಅಲ್ಲ. ಕೇಂದ್ರದ ಸುತ್ತ ಇರುವ 360ರ ಅರ್ಧ ಅದು.

ಅದಕ್ಕೇ ಅಭ್ಯಾಸ ಅಂದರೆ ಐವತ್ತು ಲೆಕ್ಕ ಬಿಡಿಸುವುದು ಅಂತ ನಾನು ಒಪ್ಪುವುದಿಲ್ಲ. ದಿನಕ್ಕೊಂದು ಚಿತ್ರ ಸಾಕು. ಅದರಲ್ಲಿ ಒಂದು ಬಿಂದುವನ್ನು ಜಾರಿಸಿ ಐದು ಸಲ ಬರೆಯಿರಿ. ಹೆಸರು ಬದಲಾಯಿಸಿ, ತಲೆಕೆಳಗು ಮಾಡಿ. ಪುಸ್ತಕದ ಚಿತ್ರ ನೆಟ್ಟಗೆ ನಿಂತಿರುತ್ತದೆ, ಪ್ರಶ್ನೆಪತ್ರಿಕೆಯದು ಮಲಗಿರುತ್ತದೆ. ಎಷ್ಟೋ ಮಕ್ಕಳು ಅಂಕ ಕಳೆದುಕೊಳ್ಳುವುದು ಅಷ್ಟಕ್ಕೇ. ಕೋನಮಾಪಕ ಇಟ್ಟು ಅಳೆಯಿರಿ ಕೂಡ. ಒಬ್ಬರಿಗೆ 64 ಬರುತ್ತೆ, ಇನ್ನೊಬ್ಬರಿಗೆ 66. ಪೆನ್ಸಿಲ್ ಮೊನೆ ದಪ್ಪ, ಕೈವಾರದ ತಿರುಪು ಸಡಿಲ. ಬರಲಿ ಬಿಡಿ. 64 ಬಂದವನಿಗೆ ‘ಹಾಗಾದರೆ ಸರಿಯಾಗಿ 65 ಅಂತ ಹೇಳೋದು ಹೇಗೆ?’ ಅನ್ನಿಸಿದರೆ ಅವನಿಗೆ ಸಾಧನೆ ಯಾಕೆ ಬೇಕು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಅರ್ಧವೃತ್ತದ ಕೋನ 90 ಡಿಗ್ರಿ. ಕೇಂದ್ರದಲ್ಲಿ 180 ಇದ್ದರೆ ಅಂಚಿನಲ್ಲಿ ಅರ್ಧ, 90. ಗ್ರೀಕ್ ಪಂಡಿತ ಥೇಲ್ಸನ ಹೆಸರಿನಲ್ಲಿ ಓಡಾಡುವ ಪ್ರಮೇಯ. ಇದನ್ನು ನಾನು ಚೆನ್ನಾಗಿ ನೋಡಿದ್ದು ನಮ್ಮ ಮನೆಗೆ ಬಾಗಿಲು ಮಾಡಲು ಬಂದ ಆಚಾರ್ರ ಕೈಯಲ್ಲಿ. ಬಾಗಿಲ ಮೇಲಿನ ಕಮಾನಿಗೆ ಹಲಗೆಯಲ್ಲಿ ಅರ್ಧವೃತ್ತ ಕೊರೆದಿದ್ದರು. ಅದು ಸರಿಯಾಗಿದೆಯಾ ನೋಡಲು ಅವರು ಕೈವಾರ ಹುಡುಕಲಿಲ್ಲ. ಮೂಲೆಮಟ್ಟ ತೆಗೆದುಕೊಂಡರು. ಅದರ ಎರಡು ತೋಳು ಕಮಾನಿನ ಎರಡು ತುದಿಗೆ ಒರಗಿರುವ ಹಾಗೆ ಹಿಡಿದು, ಮೂಲೆಯನ್ನು ಒಳಮೈ ಉದ್ದಕ್ಕೂ ಜಾರಿಸಿದರು. ಮರಕ್ಕೆ ತಾಗಿಕೊಂಡೇ ಹೋಯಿತು. ಒಂದು ಕಡೆ ಮಾತ್ರ ಮೂಲೆಗೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು. ‘ಇಲ್ಲಿ ಉಳಿ ಜಾಸ್ತಿ ತಿಂದಿದೆ ಮೇಷ್ಟ್ರೇ’ ಅಂದರು. ನಾನು ಪ್ರಮೇಯದ ಹೆಸರು ಹೇಳಿದೆ. ಅವರು ಬೀಡಿ ಹಚ್ಚಿಕೊಂಡು, ‘ಹೌದಾ, ನಮ್ಮಪ್ಪ ಹಿಂಗೇ ನೋಡ್ತಿದ್ದರು’ ಅಂದರು.

ನೀವು ಮನೆಯಲ್ಲಿ ತಟ್ಟೆ ಇಟ್ಟು ಮಾಡಿ. ಸ್ಟೀಲ್ ತಟ್ಟೆ ಕವುಚಿ ಹಾಕಿ, ಅಂಚಿನ ಸುತ್ತ ಪೆನ್ಸಿಲ್ ಆಡಿಸಿ. ವೃತ್ತ ಬಂತು, ಕೇಂದ್ರ ಎಲ್ಲಿದೆ ಗೊತ್ತಿಲ್ಲ. ನೋಟ್‌ಬುಕ್ಕಿನ ಮೂಲೆ ವೃತ್ತದ ಗೆರೆಯ ಮೇಲೆ ಕೂರುವಂತೆ ಇಡಿ. ಪುಸ್ತಕದ ಎರಡು ಅಂಚು ವೃತ್ತವನ್ನು ಎಲ್ಲಿ ಕತ್ತರಿಸುತ್ತವೋ ಅಲ್ಲಿ ಗುರುತು ಹಾಕಿ, ಸೇರಿಸಿ. ಅದು ವ್ಯಾಸ. ಪುಸ್ತಕ ತಿರುಗಿಸಿ ಇನ್ನೊಂದು ಸಲ. ಎರಡು ವ್ಯಾಸ ಸೇರುವಲ್ಲಿ ಕೇಂದ್ರ. ತಟ್ಟೆ ಖಾಲಿ ಇರಲಿ, ಅಮ್ಮನ ಹತ್ತಿರ ಬೈಸಿಕೊಂಡರೆ ನನ್ನ ಹೆಸರು ಹೇಳಬೇಡಿ.

ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ನೇರ ಗೆರೆ ಜ್ಯಾ. ಆ ಪದದ ಬಗ್ಗೆ ಒಂದು ಮಾತು. ಬಿಲ್ಲಿನ ಹೆದೆಗೆ ಸಂಸ್ಕೃತದಲ್ಲಿ ಜ್ಯಾ ಅನ್ನುತ್ತಾರೆ. ಕಂಸ ಬಿಲ್ಲಿನ ಬಾಗು. ಹೆದೆಯ ನಟ್ಟನಡುವೆ ಬಾಣ ಹೂಡಿದರೆ ಅದು ಹೆದೆಗೆ ಲಂಬವಾಗಿ ನಿಲ್ಲುತ್ತದೆ. ಆ ಬಾಣವನ್ನು ಹಿಂದಕ್ಕೆ ಎಳೆಯುತ್ತಾ ಹೋದರೆ ಕೇಂದ್ರ ಸಿಗುತ್ತದೆ. ಕೇಂದ್ರದಿಂದ ಜ್ಯಾಕ್ಕೆ ಎಳೆದ ಲಂಬ ಜ್ಯಾವನ್ನು ಅರ್ಧಿಸುತ್ತದೆ ಅನ್ನುವ ಪ್ರಮೇಯ ಪದದಲ್ಲೇ ಇದೆ ನೋಡಿ. ಕ್ರಿ.ಶ. 499ರ ಹೊತ್ತಿಗೆ ಆರ್ಯಭಟ ಪೂರ್ತಿ ಜ್ಯಾ ಬಿಟ್ಟು ಅರ್ಧಜ್ಯಾದ ಕೋಷ್ಟಕ ಕೊಟ್ಟ. ಆ ಜ್ಯಾ, ಜೀವಾ ಅರಬ್ಬರಲ್ಲಿಗೆ ಹೋಗಿ ‘ಜೀಬ’ ಆಯಿತು. ಅದನ್ನು ಅವರದೇ ಭಾಷೆಯ ‘ಜೈಬ್’ (ಬಟ್ಟೆಯ ಮಡಿಕೆ) ಎಂದು ಓದಿಕೊಂಡು ಲ್ಯಾಟಿನ್‌ನಲ್ಲಿ ಅದೇ ಅರ್ಥದ ‘ಸೈನಸ್’ ಎಂದು ಅನುವಾದ ಮಾಡಿದರು. ಮುಂದಿನ ಪಾಠದಲ್ಲಿ ನಿಮ್ಮನ್ನು ಹೆದರಿಸುವ ಸೈನ್ ನಮ್ಮ ಹೆದೆಯ ಮರಿಮಗ. ಅದೇ ಆರ್ಯಭಟ ವ್ಯಾಸ 20000 ಆದರೆ ಪರಿಧಿ 62832 ಎಂದ. ಭಾಗಿಸಿದರೆ 3.1416. ಜೊತೆಗೆ ‘ಆಸನ್ನ’, ಅಂದರೆ ಹತ್ತಿರದ್ದು, ಎಂದೂ ಸೇರಿಸಿದ. ನಾವು ಮಾತ್ರ ಪೈ ಅಂದರೆ 22/7, ಮಾತು ಮುಗೀತು ಅಂದುಕೊಂಡಿದ್ದೇವೆ. ಲೆಕ್ಕದಲ್ಲಿ ತ್ರಿಜ್ಯ 7, 14, 21 ಇರುವುದು ಭಾಗಾಕಾರ ಸುಲಭವಾಗಲಿ ಎಂದು. ಊರಿನ ಬಾವಿಗಳೆಲ್ಲ ಏಳರ ಮಗ್ಗಿಯಲ್ಲಿ ಇರುವುದಿಲ್ಲ ಅಲ್ವಾ?

ಸ್ಪರ್ಶಕಕ್ಕೆ, ಅಂದರೆ ವೃತ್ತವನ್ನು ಒಂದೇ ಬಿಂದುವಿನಲ್ಲಿ ತಾಗಿ ಹೋಗುವ ಗೆರೆಗೆ ಬರೋಣ. ಹೊರಗಿನ ಬಿಂದು ಪಿಯಿಂದ ವೃತ್ತಕ್ಕೆ ಎರಡು ಸ್ಪರ್ಶಕ, ನಡುವಿನ ಕೋನ 70. ತಾಗುವ ಜಾಗ ಎ ಮತ್ತು ಬಿ. ಕೋನ ಪಿಒಎ ಎಷ್ಟು? ತರಗತಿಯಲ್ಲಿ ಕೇಳಿದರೆ ಅರ್ಧ ಜನ 35 ಅನ್ನುತ್ತಾರೆ. ಎಪ್ಪತ್ತರ ಅರ್ಧ ಮೂವತ್ತೈದು ಸರಿಯೇ, ಆದರೆ ಅದು ಪಿ ಹತ್ತಿರದ ಕೋನ. ಕೇಳಿದ್ದು ಕೇಂದ್ರದ ಹತ್ತಿರದ್ದು. ಸ್ಪರ್ಶಬಿಂದುವಿಗೆ ತ್ರಿಜ್ಯ ಎಳೆದರೆ ಅಲ್ಲಿ 90 ಡಿಗ್ರಿ ನಿಲ್ಲುತ್ತದೆ. 90, 35, ಉಳಿದದ್ದು 55. ತಪ್ಪಿದವರು ಯಾರೂ ದಡ್ಡರಲ್ಲ. ಚಿತ್ರ ಬರೆದಿರಲಿಲ್ಲ, ಅಷ್ಟೇ.

ತ್ರಿಜ್ಯಾಂತರ ಖಂಡದ (ಎರಡು ತ್ರಿಜ್ಯ, ಒಂದು ಕಂಸದ ನಡುವಿನ ತುಂಡು) ಲೆಕ್ಕದಲ್ಲಿ ಸೂತ್ರ ಹಾಕುವುದು ಎಲ್ಲರಿಗೂ ಬರುತ್ತದೆ. ಅದನ್ನು ಬಿಟ್ಟು ಒಂದು ಕರುವಿನ ಕಥೆ ಹೇಳುತ್ತೇನೆ. ಆಯಾಕಾರದ ಕೊಟ್ಟಿಗೆ, 7 ಮೀಟರ್ ಅಗಲ, 12 ಮೀಟರ್ ಉದ್ದ. ಹೊರಗಿನ ಒಂದು ಮೂಲೆಗೆ 10 ಮೀಟರ್ ಹಗ್ಗದಲ್ಲಿ ಕರು ಕಟ್ಟಿದ್ದಾರೆ. ಸುತ್ತಲೂ ಹುಲ್ಲು. ಎಷ್ಟು ಜಾಗ ಮೇಯಬಹುದು? ಮೂಲೆಯ ಒಳಗಿನ 90 ಡಿಗ್ರಿ ಕೊಟ್ಟಿಗೆಯದು, ಉಳಿದ 270 ಕರುವಿನದು. ಮುಕ್ಕಾಲು ವೃತ್ತ ಅಂತ ಬರೆದು ಪೆನ್ನು ಕೆಳಗಿಡುತ್ತಾರೆ. ಕರು ಅಲ್ಲಿಗೆ ನಿಲ್ಲುವುದಿಲ್ಲ! 7 ಮೀಟರಿನ ಗೋಡೆಗೆ ಹಗ್ಗ ಒರಗಿದ ಮೇಲೆ ಇನ್ನೂ 3 ಮೀಟರ್ ಹಗ್ಗ ಉಳಿದಿದೆ. ಅದು ಮುಂದಿನ ಮೂಲೆ ತಿರುಗಿ ಕೊಟ್ಟಿಗೆಯ ಹಿಂದೆ ಮುಖ ಹಾಕುತ್ತದೆ. ಅಲ್ಲಿ 3 ಮೀಟರ್ ತ್ರಿಜ್ಯದ ಕಾಲು ವೃತ್ತ. ನೂರರ ಮುಕ್ಕಾಲು 75, ಒಂಬತ್ತರ ಕಾಲು 2.25, ಒಟ್ಟು 77.25. ಅದನ್ನು ಪೈಯಿಂದ ಗುಣಿಸಿದರೆ ಸುಮಾರು 243 ಚದರ ಮೀಟರ್. 12 ಮೀಟರಿನ ಗೋಡೆಯ ಕಡೆ ಹಗ್ಗ ಮೂಲೆಯವರೆಗೆ ಮುಟ್ಟುವುದೇ ಇಲ್ಲ, ಅಲ್ಲಿ ಚಿಂತೆಯಿಲ್ಲ. ಈ ಲೆಕ್ಕವನ್ನು ಮೊದಲು ಸರಿಯಾಗಿ ಮಾಡುವವರು ಸಾಮಾನ್ಯವಾಗಿ ಮನೆಯಲ್ಲಿ ದನ ಇರುವ ಮಕ್ಕಳು. ಅವರಿಗೆ ಹಗ್ಗ ಮೂಲೆಗೆ ಸುತ್ತಿಕೊಳ್ಳುವುದು ಗೊತ್ತು.

ಬಹುಭುಜಾಕೃತಿಯ ಬಗ್ಗೆ ಜಾಸ್ತಿ ಹೇಳಲು ಹೊತ್ತಿಲ್ಲ. ಒಂದು ಪ್ರದಕ್ಷಿಣೆ ಹಾಕಿ, ಸಾಕು. ಪೂರ್ವಕ್ಕೆ ಮುಖ ಮಾಡಿ ಹೊರಟಿರಿ, ಪ್ರತಿ ಮೂಲೆಯಲ್ಲೂ ಒಂದಿಷ್ಟು ತಿರುಗಿದಿರಿ, ಸುತ್ತು ಮುಗಿದಾಗ ಮತ್ತೆ ಪೂರ್ವಕ್ಕೇ ಮುಖ. ಅಂದರೆ ಒಟ್ಟು ತಿರುಗಿದ್ದು 360. ಮೂಲೆ ನಾಲ್ಕಿರಲಿ ಹದಿನಾರಿರಲಿ, ಬಾಹ್ಯಕೋನಗಳ ಮೊತ್ತ ಅಷ್ಟೇ. ಕ್ರಮ ಪಂಚಭುಜಕ್ಕೆ ಒಂದೊಂದು ಮೂಲೆಯಲ್ಲಿ 72, ಒಳಗೆ 108. ಷಡ್ಭುಜಕ್ಕೆ 60, ಒಳಗೆ 120. ತುಡುವೆ ಜೇನು ಸಾಕಿದ ಮನೆಯವರು ಒಂದು ಎರಿ ಕೈಯಲ್ಲಿ ಹಿಡಿದು ನೋಡಿ. ಮೂರು ಕೋಣೆ ಸೇರುವ ಕಡೆ ಮೂರು 120, ಸರಿಯಾಗಿ 360, ಸಂದಿಯೇ ಇಲ್ಲ. ಪಂಚಭುಜವಾಗಿದ್ದರೆ ಮೂರು ಸೇರಿ 324. ಉಳಿದ 36 ಡಿಗ್ರಿಯ ಸಂದಿಗೆ ಮೇಣ ತುಂಬುತ್ತಾ ಕೂರಬೇಕಿತ್ತು ಪಾಪ.

ಕೈವಾರ ಕೈಗೆ ಬಂದ ಮೊದಲ ದಿನ ನೀವೆಲ್ಲ ಆರು ಎಸಳಿನ ಹೂವು ಬರೆದಿರುತ್ತೀರಿ. ಕೈವಾರದ ಅಗಲ ಬದಲಿಸದೆ ಸುತ್ತ ಕಂಸ ಹಾಕುತ್ತಾ ಹೋದರೆ ಸರಿಯಾಗಿ ಆರಕ್ಕೆ ಮುಗಿಯುತ್ತದೆ. ಯಾಕೆ ಆರು, ಯಾಕೆ ಏಳಲ್ಲ? ಎರಡು ತ್ರಿಜ್ಯ, ಮೂರನೇ ಬಾಹುವೂ ತ್ರಿಜ್ಯದಷ್ಟೇ. ಸಮಬಾಹು ತ್ರಿಭುಜ, ಕೇಂದ್ರದಲ್ಲಿ 60. ಅಂಥವು ಆರು. ಮತ್ತೆ ಅದೇ ಹಗ್ಗ. ಏಳು ಎಸಳು ಬೇಕೆಂದು ಹಟ ಹಿಡಿಯುವ ಮಕ್ಕಳೂ ಇರುತ್ತಾರೆ. ಬರೀ ಕೈವಾರ, ಗುರುತುಗಳಿಲ್ಲದ ಪಟ್ಟಿ ಹಿಡಿದು ಕ್ರಮ ಸಪ್ತಭುಜವನ್ನು ಕರಾರುವಾಕ್ಕಾಗಿ ಬರೆಯಲು ಯಾರಿಂದಲೂ ಆಗುವುದಿಲ್ಲ. ತಮಾಷೆ ಏನೆಂದರೆ, 17 ಬಾಹುಗಳದ್ದು ಆಗುತ್ತದೆ. 1796ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ತೋರಿಸಿದ. ಅವನಿಗಿನ್ನೂ 19 ತುಂಬಿರಲಿಲ್ಲ.

ಕೊನೆಗೆ ಕೊಡಚಾದ್ರಿಗೆ ಹೋಗೋಣ. ಎತ್ತರ 1343 ಮೀಟರ್. ಮೋಡ ಇಲ್ಲದ ದಿನ ಅಲ್ಲಿಂದ ಸಮುದ್ರ ಕಾಣುತ್ತದೆ ಅನ್ನುತ್ತಾರಲ್ಲ, ಎಷ್ಟು ದೂರದವರೆಗೆ ಕಾಣಬಹುದು? ಭೂಮಿಯನ್ನು ಒಂದು ವೃತ್ತ ಅನ್ನಿ. ತ್ರಿಜ್ಯ 6371 ಕಿಲೋಮೀಟರ್. ನೀವು ವೃತ್ತದ ಹೊರಗೆ 1.343 ಕಿಲೋಮೀಟರ್ ಮೇಲಿರುವ ಬಿಂದು. ನಿಮ್ಮ ನೋಟ ನೀರಿಗೆ ತಾಗಿ ಹೋಗುವ ಸ್ಪರ್ಶಕ. ತಾಗಿದ ಜಾಗಕ್ಕೆ ಭೂಮಿಯ ನಡುವಿನಿಂದ ತ್ರಿಜ್ಯ ಎಳೀರಿ, ಅಲ್ಲಿ 90 ಡಿಗ್ರಿ. ಉಳಿದದ್ದು ಪೈಥಾಗೊರಸ್. 6372.343ರ ವರ್ಗದಲ್ಲಿ 6371ರ ವರ್ಗ ಕಳೆದರೆ ಸುಮಾರು 17114. ವರ್ಗಮೂಲ 131ಕ್ಕೆ ಚೂರು ಕಡಿಮೆ. ಅಷ್ಟು ಕಿಲೋಮೀಟರ್ ದೂರಕ್ಕೆ ದಿಗಂತ. ಕಡಲ ದಡ ಅದಕ್ಕಿಂತ ಎಷ್ಟೋ ಹತ್ತಿರ. ಹಾಗಾಗಿ ‘ಸಮುದ್ರ ಕಾಣುತ್ತೆ’ ಅನ್ನುವುದು ಬರೀ ಬಾಯಿಮಾತಲ್ಲ.

ಇಲ್ಲಿಗೆ ಮುಗಿಸಬೇಕು ಅಂದುಕೊಂಡಿದ್ದೆ. ಮುಂದಿನ ಸಾಲಿನಿಂದ ಒಬ್ಬಳು ಕೈ ಎತ್ತಿದಳು. ‘ಸರ್, ಹಾಗಾದ್ರೆ ಬೆಟ್ಟದ ಮೇಲಿರೋರಿಗೆ ಸೂರ್ಯ ಲೇಟಾಗಿ ಮುಳುಗ್ತಾನಾ? ಎಷ್ಟು ಲೇಟು?’

ಈ ಸಲ ‘ಕೂತ್ಕೊ’ ಅನ್ನಲಿಲ್ಲ. ಬೋರ್ಡಿಗೇ ಕರೆದೆ. ಅವಳು ಭೂಮಿ ಬರೆದಳು, ಸ್ಪರ್ಶಕ ಎಳೆದಳು, ಆಮೇಲೆ ಕೇಂದ್ರದಿಂದ ಎರಡು ತ್ರಿಜ್ಯ: ಒಂದು ಬೆಟ್ಟದ ಬುಡಕ್ಕೆ, ಒಂದು ದಿಗಂತಕ್ಕೆ. ನಡುವಿನ ಕಂಸ ಹೆಚ್ಚುಕಡಿಮೆ 131 ಕಿಲೋಮೀಟರ್. ಪೂರ್ತಿ ಸುತ್ತು ಸುಮಾರು 40000. ಹಾಗಾದರೆ ಕೇಂದ್ರದ ಕೋನ 131 ಭಾಗಿಸು 40000, ಗುಣಿಸು 360. ಸುಮಾರು 1.18 ಡಿಗ್ರಿ. ಭೂಮಿ 24 ಗಂಟೆಗೆ 360 ತಿರುಗುತ್ತದೆ, ಒಂದು ಡಿಗ್ರಿಗೆ 4 ನಿಮಿಷ. ‘ಸರ್, ಹತ್ರಹತ್ರ 5 ನಿಮಿಷ!’

ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ ಕೂಗಿದ. ‘ಸರ್, ಬೀಚಲ್ಲಿ ನಿಂತೋರು ಬೆಟ್ಟದ ಬುಡದಲ್ಲಿ ಇಲ್ವಲ್ಲ, 30 ಕಿಲೋಮೀಟರ್ ಪಶ್ಚಿಮಕ್ಕೆ ಇದ್ದಾರೆ. ಅವ್ರಿಗೂ ಸ್ವಲ್ಪ ಲೇಟೇ ಆಗ್ಬೇಕಲ್ಲ?’

ಹೌದಲ್ಲ! 30 ಕಿಲೋಮೀಟರಿಗೆ 0.27 ಡಿಗ್ರಿ, ಒಂದು ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಅದನ್ನು ಕಳೆದರೆ ಮೂರೂವರೆ ನಿಮಿಷದ ಆಚೀಚೆ. ಹುಡುಗಿ ಬೋರ್ಡಿನ ಮೇಲಿನ 5ನ್ನು ಅಂಗೈಯಿಂದಲೇ ಒರೆಸಿ, ಬೀಚಿಗೆ ಮೂರನೇ ತ್ರಿಜ್ಯ ಎಳೆದಳು.